ಕಳಚದ ಮೂಗುಬೊಟ್ಟು

ಚಂದ್ರಲೇಖಾ ಮೇಡಂ ಅವರ ಚಿನ್ನದ ಸರ ಕಾಣೆಯಾಯಿತು. ಅವರ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಪಿಳ್ಳಮ್ಮನನ್ನು ಕೆಲಸದಿಂದ ತೆಗೆದರು. ಆಮೇಲೆ ಸರ ಸಿಕ್ಕಿತು. ಪಿಳ್ಳಮ್ಮನನ್ನು ಮತ್ತೆ ಕರೆಯಲಿಲ್ಲ.

ಸರ ಸಿಕ್ಕಿದ್ದು ಅವರದೇ ಕಾರಿನ ಹಿಂದಿನ ಸೀಟಿನ ಸಂದಿಯಲ್ಲಿ, ಚಿಪ್ಸಿನ ಚೂರುಗಳ ಜೊತೆ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಮೇಡಂ, ‘ದೇವರು ದೊಡ್ಡವನು’ ಎಂದು ಬರೆದರು. ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು. ಸಂಘದ ಸೆಕ್ರೆಟರಿ ಸುಬ್ರಮಣಿ ಮಾತ್ರ ಒಂದು ಸಾಲು ಸೇರಿಸಿದರು: ‘ತುಂಬಾ ಸಂತೋಷ. ಆದರೆ ಗೇಟಿನ ಹೊಸ ನಿಯಮ ಮುಂದುವರಿಯುತ್ತದೆ.’ ಗಾರ್ಡ್ ರೂಮಿನ ಗೋಡೆಗೆ ಅಂಟಿಸಿದ್ದ ಪಿಳ್ಳಮ್ಮನ ಫೋಟೋ, ‘ಒಳಗೆ ಬಿಡಬಾರದು’ ಎಂಬ ಕೆಂಪು ಅಕ್ಷರಗಳ ಸಮೇತ ಅಲ್ಲೇ ಉಳಿಯಿತು.

ಹೊಸ ನಿಯಮ ಎಂದರೆ, ಕೆಲಸದ ಹೆಂಗಸರು ಮೈಮೇಲೆ ಚೂರು ಚಿನ್ನವೂ ಇಲ್ಲದೆ ಬರಬೇಕು. ಸುಬ್ರಮಣಿ ಎಲ್ಲರನ್ನೂ ಗೇಟಿನ ಹೊರಗೆ ನಿಲ್ಲಿಸಿ ಇದನ್ನು ವಿವರಿಸಿದ್ದರು.

“ಬರೋವಾಗ ನಿಮ್ಮ ಮೈಮೇಲೆ ಚಿನ್ನ ಇಲ್ಲ ಅಂದ್ರೆ, ಹೋಗೋವಾಗ ಇರೋ ಚಿನ್ನ ನಮ್ದು. ಅಷ್ಟೇ ಅಮ್ಮಾ. ಕೋಪ ಮಾಡ್ಕೊಳೋಕೆ ಇದ್ರಲ್ಲಿ ಏನಿದೆ? ನಿಮ್ಮ ಮೇಲೆ ಅಪವಾದ ಬರಬಾರ್ದು ಅಂತಾನೇ.”

ಅಪವಾದ ಹೊರಿಸಿದವರೇ ಅದರಿಂದ ಕಾಪಾಡುವ ಮಾತಾಡುತ್ತಿದ್ದರು.

ಅವಲಪಲ್ಲಿ ಕಡೆಯ ಈ ಬಡಾವಣೆಯ ಗೋಡೆ ದಾಟಿದರೆ ಈ ಕೆಲಸದ ಹೆಂಗಸರ ಊರು. ನಿಯಮ ಬಂದ ಮರುದಿನದಿಂದ ಊರ ಹೆಂಗಸರು ತಾಳಿಯ ಚಿನ್ನವನ್ನು ಬಿಚ್ಚಿ ಡಬ್ಬಿಗೆ ಹಾಕಿದರು. ಬರಿ ಕೊರಳಲ್ಲಿ ಹೋಗಲಾರದೆ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡರು. ಓಲೆ ಬಿಚ್ಚಿದ ಕಿವಿಯ ತೂತು ಮುಚ್ಚಿಹೋಗಬಾರದೆಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡರು. ಈ ಸೀಮೆಯಲ್ಲಿ ಅರಿಶಿನದ ಕೊಂಬು ಕಂಡರೆ ಜನ ಕೇಳುವುದು ಒಂದೇ ಮಾತು. ಟೀ ಅಂಗಡಿಯ ಮುನೀಶ್ ಕೇಳಿಯೇಬಿಟ್ಟ.

“ಏನಕ್ಕಾ, ಊರಿಗೂರೇ ಕೊಂಬು ಕಟ್ಕೊಂಡೈತೆ? ಯಾವ ಸೇಟು ಹತ್ರ ಅಡ ಮಡಗಿದ್ರಿ ತಾಳೀನ?”

“ನಿನ್ ನಾಲ್ಗೆ ಸೇದೋಗ!” ಎಂದಳು ಕೆಲಸಕ್ಕೆ ಹೊರಟಿದ್ದ ಶ್ಯಾಮಲಮ್ಮ. “ಆ ಗೇಟ್ನಾಗೆ ಹೋಗಿ ಕೇಳ್ಲಾ, ಗಂಡ್ಸಾದ್ರೆ.”

ಬಡಾವಣೆಯ ಒಳಗೆ ಬೇರೆ ತಕರಾರು ಎದ್ದಿತ್ತು. ಬಗ್ಗಿ ಹಾಸಿಗೆ ಹಾಸುವಾಗ ಕೊರಳ ಅರಿಶಿನ ಬಿಳಿ ಬೆಡ್‌ಶೀಟಿಗೆ ಹತ್ತುತ್ತಿತ್ತು. “ಥೂ, ಇದೇನಮ್ಮ ಗಲೀಜು! ಅದನ್ನ ಮನೇಲಿಟ್ಟು ಬರೋಕಾಗಲ್ವಾ?” ಎಂದು ಚಂದ್ರಲೇಖಾ ಮೇಡಂ ಹೊಸ ಕೆಲಸದವಳನ್ನು ಬೈದರು. ಅವರ ಕೊರಳಲ್ಲಿ ಕಾರಿನ ಸಂದಿಯಿಂದ ಬಂದ ಸರ ಹೊಳೆಯುತ್ತಿತ್ತು.

ಗೇಟಿನಲ್ಲಿ ಹೆಂಗಸರ ಮೈಮೇಲೆ ಕೋಲು ಆಡಿಸುತ್ತಿದ್ದವಳು ಗಂಗಾದೇವಿ. ಅದೇ ಊರಿನವಳು. ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ ಔಷಧಿ ಹೊಡೆದೂ ಹೊಡೆದೂ ಕೆಮ್ಮು ಹಿಡಿದ ಮೇಲೆ ಈ ಗಾರ್ಡ್ ಕೆಲಸಕ್ಕೆ ಸೇರಿದ್ದಳು. ನೀಲಿ ಅಂಗಿ, ತಲೆಗೆ ಟೋಪಿ, ಕೈಯಲ್ಲಿ ಲೋಹ ಕಂಡರೆ ಕಿರುಚುವ ಕೋಲು. ಅಂಗಿಯ ಕಾಲರಿನ ಒಳಗೆ ಅವಳ ಕೊರಳಿನಲ್ಲೂ ಅರಿಶಿನದ ಕೊಂಬೇ ಇತ್ತು. ಗಂಗಾದೇವಿಯನ್ನೂ ನಿಯಮ ಬಿಟ್ಟಿರಲಿಲ್ಲ.

ಶ್ಯಾಮಲಮ್ಮ ಅವಳಿಗೆ ಸೋದರತ್ತೆ. ಕೆಲಸ ಸುಬ್ರಮಣಿಯ ಮನೆಯಲ್ಲೇ. ಅವರ ತಾಯಿಗೆ ಲಕ್ವ ಹೊಡೆದು ಮಲಗಿದಲ್ಲೇ ಎಲ್ಲ. ಆ ಮುದುಕಿಯನ್ನು ಹೊರಳಿಸುವುದು, ಹೇಲು ಉಚ್ಚೆ ಬಳಿಯುವುದು, ಒರೆಸಿ ಪೌಡರು ಹಾಕುವುದು ಶ್ಯಾಮಲಮ್ಮ. ಮುದುಕಿಯ ಕೈಯಲ್ಲಿ ಚಿನ್ನದ ಬಳೆಗಳಿದ್ದವು, ಮೂಗಿನಲ್ಲಿ ವಜ್ರದ ಬೊಟ್ಟು. ಬಳೆ ಸರಿಸಿ ಅದರಡಿಯ ಚರ್ಮಕ್ಕೆ ಸೋಪು ಹಚ್ಚುವವಳೂ ಶ್ಯಾಮಲಮ್ಮನೇ. ಬಾಗಿಲು ಹಾಕಿದ ಆ ಕೋಣೆಗೆ ಮಗ ಸೊಸೆ ಇಬ್ಬರೂ ಬರುತ್ತಿರಲಿಲ್ಲ.

ಶ್ಯಾಮಲಮ್ಮನ ಮೂಗಿನಲ್ಲಿ ಒಂದು ಕೆಂಪು ಹರಳಿನ ಚಿನ್ನದ ಬೊಟ್ಟಿತ್ತು. ಮದುವೆಯಲ್ಲಿ ಆಚಾರಿ ತಿರುಪು ತಿರುಗಿಸಿ ಕೂರಿಸಿದ್ದು. ಮಾಂಸ ಬೆಳೆದು ತಿರುಪನ್ನು ನುಂಗಿಬಿಟ್ಟಿತ್ತು. ನಿಯಮ ಬಂದಾಗ ಕೊಬ್ಬರಿ ಎಣ್ಣೆ ಬಿಟ್ಟು ತಿರುಗಿಸಿ ನೋಡಿದ್ದಳು. ರಕ್ತ ಬಂತು, ಬೊಟ್ಟು ಬರಲಿಲ್ಲ. ಅಂದಿನಿಂದ ಗಂಗಾದೇವಿ ಅತ್ತೆಯ ಕೊರಳಿನವರೆಗೆ ಕೋಲು ಆಡಿಸಿ ಕೆಳಗಿಳಿಸುತ್ತಿದ್ದಳು. ಇದನ್ನು ಗೇಟಿನ ಮೇಲಿನ ಕ್ಯಾಮೆರಾ ನೋಡಿಬಿಟ್ಟಿತು.

ಸೋಮವಾರ ಬೆಳಿಗ್ಗೆ ಸುಬ್ರಮಣಿ ತಾವೇ ಗೇಟಿಗೆ ಬಂದು ನಿಂತರು. ಜೊತೆಯಲ್ಲಿ ಎಲೆಕ್ಟ್ರಿಷಿಯನ್ ನರೇಶ್.

“ಕೋಲು ಮುಖದ ಹತ್ರ ಹಿಡಿ,” ಎಂದರು.

ಗಂಗಾದೇವಿ ಹಿಡಿದಳು. ಕೋಲು ಕಿರುಚಿತು.

“ಕೇಳಿಸ್ತಾ? ದಿನಾ ಹೀಗೇ ಬಿಡ್ತಿದ್ದೆ. ಸಂಬಂಧಿಕರು ಅಂತ ತಾನೆ?”

“ಅದು ಬರಕಿಲ್ಲ ಸಾರ್. ಮಾಂಸದೊಳಕ್ಕೆ ಹೋಗ್ಬುಟ್ಟೈತೆ.”

“ಒಬ್ಬರಿಗೆ ಬಿಟ್ರೆ ನಾಳೆ ಎಲ್ರೂ ಮಾಂಸದೊಳಗೆ ಅಂತಾರೆ. ನರೇಶ್, ಕಟಿಂಗ್ ಪ್ಲೇಯರ್ ಕೊಡು ಅವಳ ಕೈಗೆ.”

ಸಾಲಿನಲ್ಲಿ ನಿಂತಿದ್ದ ಹೆಂಗಸರು ಗುಜುಗುಜು ಎಂದರು. ನರೇಶ್ ತಲೆ ತಗ್ಗಿಸಿ ಪ್ಲೇಯರು ಕೊಟ್ಟ. ಅದರ ಬಾಯಿಗೆ ಕಪ್ಪು ಗ್ರೀಸು ಮೆತ್ತಿತ್ತು.

“ಕಿತ್ರೆ ಮೂಗೂ ಬತ್ತದೆ ಸಾಮಿ,” ಎಂದಳು ಶ್ಯಾಮಲಮ್ಮ. “ಮೂಗು ನಂದಾ, ಅದೂ ನಿಮ್ದೇನಾ?”

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಸುಬ್ರಮಣಿಯ ಮುಖ ಬಿಗಿಯಿತು. ಅಷ್ಟರಲ್ಲಿ ಫೋನು ಬಂತು. ಹೆಂಡತಿ ಸೌಮ್ಯ. ಅವಳ ದನಿ ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು.

“ರೀ, ಅತ್ತೆ ಹಾಸಿಗೇಲೇ ಎಲ್ಲ ಮಾಡ್ಕೊಂಡು ಅಳ್ತಿದಾರೆ. ಆ ವಾಸನೆಗೆ ನಂಗೆ ವಾಂತಿ ಬರ್ತಿದೆ. ಎಲ್ಲಿ ಹಾಳಾದ್ಲು ಶ್ಯಾಮಲಮ್ಮ?”

“ಕಳಿಸ್ತೀನಿ, ಕಳಿಸ್ತೀನಿ.” ಫೋನು ಇಟ್ಟು ಅವರು ಗಂಗಾದೇವಿಯ ಕಡೆ ತಿರುಗಿದರು. “ಸೀಕ್ರಂ, ಬೇಗ! ಹೆಂಗಸರನ್ನ ಗಂಡಸರು ಮುಟ್ಟೋ ಹಾಗಿಲ್ಲ ಅಂತ ತಾನೆ ನಿನ್ನ ಇಟ್ಕೊಂಡಿರೋದು? ತೆಗಿ ಅದನ್ನ.”

ಗಂಗಾದೇವಿ ಅತ್ತೆಯ ಹತ್ತಿರ ಬಂದಳು. ಶ್ಯಾಮಲಮ್ಮ ಮುಖವೆತ್ತಿ ಕಣ್ಣು ಮುಚ್ಚಿದಳು.

“ಮಾಡ್ಬುಡಮ್ಮಿ,” ಎಂದಳು ಮೆಲ್ಲಗೆ. “ನನ್ ಮೂಗಿನ ದೆಸೆಯಿಂದ ನಿನ್ ಕೆಲ್ಸ ಹೋಗಾದು ಬ್ಯಾಡ.”

ಗಂಗಾದೇವಿ ಪ್ಲೇಯರಿನ ಬಾಯಿ ತೆರೆದಳು. ಗ್ರೀಸಿನ ನಾತ ಬಂತು. ಮೂಗಿನ ಹೊಳ್ಳೆಯ ಮೇಲೆ ಎಣ್ಣೆ ಹಾಕಿ ತಿರುಗಿಸಿದಾಗಿನ ಗಾಯದ ಹಕ್ಕಳೆ ಇನ್ನೂ ಇತ್ತು. ಅವಳು ಅದನ್ನೇ ನೋಡಿದಳು. ಬಳಿಕ ಪ್ಲೇಯರನ್ನು ನರೇಶನ ಕೈಗೆ ವಾಪಸು ಕೊಟ್ಟಳು.

“ನಾ ಮಾಡಕಿಲ್ಲ ಸಾರ್.”

“ಹಾಗಾದ್ರೆ ನಾಳೆಯಿಂದ ಬರಬೇಡ.”

“ನಾಳೆಗಂಟ ಯಾಕೆ?” ಅವಳು ಕೋಲನ್ನು ಮೇಜಿನ ಮೇಲಿಟ್ಟಳು. ಗಾರ್ಡ್ ರೂಮಿಗೆ ಹೋಗಿ ಪಿಳ್ಳಮ್ಮನ ಫೋಟೋವನ್ನು ಉಗುರಿನಿಂದ ಕೆರೆದು ಕಿತ್ತಳು. ಅಂಟು ಬಲವಾಗಿತ್ತು. ಫೋಟೋದ ಜೊತೆ ಗೋಡೆಯ ಬಣ್ಣವೂ ಎದ್ದುಬಂತು.

ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಸುಬ್ರಮಣಿ ಎತ್ತಲಿಲ್ಲ. ಹೆಸರು ನೋಡಿದರು, ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ದನಿ ಇಳಿಯಿತು.

“ಸರಿ ಶ್ಯಾಮಲಮ್ಮ. ಇವತ್ತೊಂದಿನ ಹಂಗೇ ಹೋಗು. ಅಮ್ಮನ್ನ ಕ್ಲೀನ್ ಮಾಡು. ಸಾಯಂಕಾಲ ಮಾತಾಡೋಣ.”

ಗೇಟಿನ ಚಿಕ್ಕ ಬಾಗಿಲನ್ನು ಅವರೇ ತೆರೆದು ಹಿಡಿದರು. ಶ್ಯಾಮಲಮ್ಮ ಹೆಜ್ಜೆ ಇಡಲಿಲ್ಲ.

“ಒಳಕ್ಕೇನೋ ಹೋದೆ ಅನ್ನಿ. ಸಾಯಂಕಾಲ ಆಚೆ ಬತ್ತೀನಲ್ಲ, ಆಗ ಇದು ಯಾರ್ದು?” ಬೊಟ್ಟನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. “ಆಚೆ ಹೋಗೋ ಚಿನ್ನ ಎಲ್ಲಾ ನಮ್ದು ಅಂದೋರು ನೀವೇ ಅಲ್ವಾ? ನಿಮ್ಮಮ್ಮನ ಮೂಗ್ನಾಗೂ ಒಂದು ಬೊಟ್ಟೈತೆ. ಅದು ನಾಳೆ ಹಾಸಿಗೆ ಸಂದೀಲಿ ಬಿದ್ದೋದ್ರೆ ಪಿಳ್ಳಮ್ಮನ ಜಾಗಕ್ಕೆ ನನ್ ಪೋಟೋ ಮೆತ್ತಿಸ್ತೀರ.”

“ಅಯ್ಯೋ, ಅದನ್ನೆಲ್ಲ ಆಮೇಲೆ ನೋಡೋಣ. ಪಾಪ, ಅಮ್ಮ ಅಳ್ತಿದಾರೆ. ಹೋಗಮ್ಮ.”

ಶ್ಯಾಮಲಮ್ಮ ಬೀದಿಯ ಕೊನೆಯ ಆ ಮನೆಯ ಕಡೆ ಒಮ್ಮೆ ನೋಡಿದಳು. ಕಣ್ಣು ತುಂಬಿತು. ಸೆರಗಿನಿಂದ ಒತ್ತಿಕೊಂಡಳು.

“ಆ ಯಮ್ಮಂಗೆ ನೀರು ಬೆಚ್ಚಗಿರ್ಬೇಕು. ಎಡಗಡೀಕೆ ಹೊರಳಿಸ್ಬ್ಯಾಡಿ, ನೋವೈತೆ.”

“ನಾನಾ?” ಎಂದರು ಸುಬ್ರಮಣಿ.

“ಹೆತ್ತೋಳಲ್ವಾ ನಿಮ್ಮನ್ನ. ಹೋಗಿ ತೊಳೀರಿ. ನಾ ಬರಕಿಲ್ಲ.”