ಕಟ್ಟಿದ ದವಡೆ

ಕಾರವಾರದಿಂದ ಹುಬ್ಬಳ್ಳಿ ಮೇಲೆ ಯಶವಂತಪುರಕ್ಕೆ ಬಂದಿಳಿದ ಶಾರ್ಕ್ ನನ್ನ ತೋಳಿನಷ್ಟೇ ಉದ್ದವಿತ್ತು. ಐಸೆಲ್ಲ ಕರಗಿ, ಮರದ ಹೊಟ್ಟು ಮೈಗೆ ಮೆತ್ತಿಕೊಂಡಿತ್ತು. ಹೆಬ್ಬಾಳದ ನಮ್ಮ ಪ್ರಯೋಗಾಲಯದಲ್ಲಿ ವೆಂಕಟಸ್ವಾಮಿ ಸಾರ್ ಬಹಳ ದಿನದಿಂದ ಕಾದಿದ್ದು ಇದಕ್ಕೇ. ಶಾರ್ಕ್ ಕಚ್ಚುವಾಗ ಅದರ ಮೇಲ್ದವಡೆ ಮುಂದಕ್ಕೆ ಜಾರುತ್ತದೆ; ಎಷ್ಟು ಜಾರುತ್ತದೆಂದು ಕೊಯ್ಯದೆ, ಎಕ್ಸ್‌ರೇಯಲ್ಲಿ ನೋಡಬೇಕಿತ್ತು. ದನದ ಆಸ್ಪತ್ರೆಯವರು ಅಂತೂ ಒಂದೇ ಒಂದು ಬೆಳಿಗ್ಗೆಯ ಮಟ್ಟಿಗೆ ಯಂತ್ರ ಕೊಡಲು ಒಪ್ಪಿದ್ದರು. ಚಿತ್ರ ಸರಿಬಂದರೆ ನನ್ನ ಹಂಗಾಮಿ ಕೆಲಸ ಮುಂದುವರಿಸುವಂತೆ ಮೇಲಿನವರಿಗೆ ಬರೆಯುತ್ತೇನೆಂದು ಸಾರ್ ಹೇಳಿದ್ದರು. ಅವ್ವ ಸತ್ತು ತಿಂಗಳಾಗಿತ್ತು. ಹಗಲು ಹೋಗಿ ಕೂರಲು ನನಗಿದ್ದದ್ದು ಅದೊಂದೇ ಜಾಗ.

ಹಿಂದಿನ ಸಂಜೆ ಮೀನಿನ ಬಾಯಿ ಅಗಲಿಸಿ, ನಡುವೆ ಮರದ ತುಂಡು ಕೊಟ್ಟು, ಫಾರ್ಮಲಿನ್ ತೊಟ್ಟಿಯಲ್ಲಿ ಮಲಗಿಸಿದ್ದೆ. ಬೆಳಗಾಗುವಷ್ಟರಲ್ಲಿ ಬಾಯಿ ತೆರೆದಂತೆಯೇ ಬಿಗಿದುಕೊಳ್ಳಬೇಕಿತ್ತು.

ಬೆಳಿಗ್ಗೆ ನೋಡಿದರೆ ಬಾಯಿ ಮುಚ್ಚಿತ್ತು. ಯಾರೋ ಮರದ ತುಂಡು ತೆಗೆದು, ಗದ್ದದಿಂದ ನೆತ್ತಿಗೆ ಬಟ್ಟೆಯ ಪಟ್ಟಿ ಸುತ್ತಿ ಗಂಟು ಹಾಕಿದ್ದರು. ಬಿಚ್ಚಿ ಎಳೆದೆ, ದವಡೆ ಅಲುಗಲಿಲ್ಲ. ಜೋರು ಮಾಡಿದರೆ ಮುರಿಯುತ್ತಿತ್ತು.

ಸಂಜೆ ಕಸ ಗುಡಿಸುವ ಯಲ್ಲಮ್ಮ ನಮ್ಮ ಕೇರಿಯವಳು. ಕೇಳಿದ್ದಕ್ಕೆ, ತಾನೇ ಕಟ್ಟಿದ್ದೆಂದಳು.

"ಸತ್ತಿದ್ದು ಬಾಯಿ ಬುಟ್ಕೊಂಡು ಓಗ್ಬಾರ್ದು ಕಣವ್ವ. ನಿಮ್ಮವ್ವಂಗೂ ನಾನೇ ಅಲ್ವಾ ಕಟ್ಟಿದ್ದು? ನೀನು ಬಾಗ್ಲಾಗೆ ನಿಂತಿದ್ದೆ."

ನಿಂತಿದ್ದೆ. ಮನೆಯವರು ಕರೆದರೂ ಒಳಗೆ ಕಾಲಿಡಲು ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ಯಂತ್ರ ನಡೆಸುವ ಖಾದರ್ ಬಾಷಾ ಮೀನನ್ನು ನೋಡಿ, "ಕುದುರೆ ಬಂದಿದೆ, ನಾಯಿ ಬಂದಿದೆ. ಇವ್ರಿಗೇನಮ್ಮ ತೊಂದ್ರೆ, ಹಲ್ಲುನೋವಾ?" ಎಂದ. ನಗಬೇಕೆನಿಸಲಿಲ್ಲ. ಬಾಯಿ ಮುಚ್ಚಿದಂತೆಯೇ ಚಿತ್ರ ತೆಗೆಯಲು ಹೇಳಿದೆ.

ಪ್ರಯೋಗಾಲಯಕ್ಕೆ ಮರಳಿದಾಗ ಸಾರ್ ಇನ್ನೂ ಒದ್ದೆಯಾಗಿದ್ದ ಎಕ್ಸ್‌ರೇ ಪ್ಲೇಟನ್ನು ಕಿಟಕಿಗೆ ಹಿಡಿದರು. ಸಾಲುಸಾಲು ಹಲ್ಲು ಚೆನ್ನಾಗಿ ಬಂದಿದ್ದವು. ಮೇಲ್ದವಡೆ ಇದ್ದಲ್ಲೇ ಇತ್ತು. ಅವರು ಮೀನಿನತ್ತ ತಿರುಗಿ, ಮೂತಿಯ ಮೇಲೆ ಪಟ್ಟಿ ಒತ್ತಿದ ಗುರುತನ್ನು ಬೆರಳಿಂದ ಸವರಿದರು.

"ಯಾರು ಕಟ್ಟಿದ್ದು?"

"ನಾನೇ ಸಾರ್."

ಅವರು ಪ್ಲೇಟನ್ನು ಮೇಜಿನ ಮೇಲಿಟ್ಟರು.

"ಹಾಗಾದ್ರೆ ಮೇಲಿನವರಿಗೆ ನಾನೇನಂತ ಬರೀಲಮ್ಮ?" ಎಂದರು, ಮೆಲ್ಲಗೆ.

ನನ್ನ ಬಳಿಯಿದ್ದ ಪ್ರಯೋಗಾಲಯದ ಬೀಗದ ಕೈ ಅವರಿಗೆ ಕೊಟ್ಟು ಹೊರಬಂದೆ.

ಗೇಟಿನ ಹತ್ತಿರ ಯಲ್ಲಮ್ಮ ಕೂತಿದ್ದಳು. ಮೀನಿನ ಕೆಲಸ ಮುಗಿಯಿತೇ ಎಂದು ಕೇಳಿದಳು. ಮುಗಿಯಿತು ಎಂದೆ.

"ನಾಳೆ ಕೆಲ್ಸಕ್ಕೆ ಬರ್ತಾ ನಮ್ಮನೆ ಕಡೀಂದ ಬಾರವ್ವ. ದಂಟಿನ ಸೊಪ್ಪು ಕಿತ್ತಿಟ್ಟಿರ್ತೀನಿ."

ಹೂಂ ಎಂದೆ.