ಸಿಲಿಂಡರ್ ನಿಲ್ಲಬೇಕಾದ ಜಾಗ

ಮಾಸ್ಕು ತಲೆಕೆಳಗಾಗಿದೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ‘ಟೇಕ್’ ಎಂದರು. ಶಾಂತಲಾ ಸುಮ್ಮನಾದಳು.

ಇಂಥದ್ದನ್ನು ಹೇಳುವುದಕ್ಕೆಂದೇ ಅವಳನ್ನು ಅಲ್ಲಿ ನಿಲ್ಲಿಸಿದ್ದರು. ತುಮಕೂರಿನ ಆ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಡಾಕ್ಟರಾದ ಅವಳು ಈ ಧಾರಾವಾಹಿಗೆ ‘ವೈದ್ಯಕೀಯ ಸಲಹೆ’. ಟೀವಿಯಲ್ಲಿ ಹೆಸರು ಎಲ್ಲರಿಗಿಂತ ಕೊನೆಗೆ ಬರುತ್ತಿತ್ತು. ಓದುವಷ್ಟರಲ್ಲಿ ಸೋಪಿನ ಜಾಹೀರಾತು ಶುರುವಾಗುತ್ತಿತ್ತು. ಕುಣಿಗಲ್ಲಿನಲ್ಲಿದ್ದ ಅವಳ ಅಮ್ಮ ಮಾತ್ರ ಹೇಗೋ ಓದಿಬಿಡುತ್ತಿದ್ದಳು.

ಹಾಸಿಗೆಯ ಮೇಲಿದ್ದ ನಟ ಮಾಸ್ಕಿನ ಮೂಗಿನ ಭಾಗವನ್ನು ಗಲ್ಲಕ್ಕೆ ಹಾಕಿಕೊಂಡು ಏದುಸಿರು ಬಿಡುತ್ತಿದ್ದ. ಚೆನ್ನಾಗಿಯೇ ಬಿಡುತ್ತಿದ್ದ. ಹೇಳಿ ಆಗಬೇಕಾದ್ದಾದರೂ ಏನು ಅನ್ನಿಸಿತು ಅವಳಿಗೆ.

ಚಿತ್ರೀಕರಣ ನಡೆಯುತ್ತಿದ್ದುದು ನರ್ಸಿಂಗ್ ಹೋಮಿನ ಮೇಲಿನ ಅಂತಸ್ತಿನಲ್ಲಿ. ಇನ್ನೂ ಗಾರೆ ಮುಗಿಯದ ಅದನ್ನು ಮಾಲೀಕರಾದ ಡಾಕ್ಟರ್ ಗುರುಸಿದ್ದಯ್ಯ ಬಾಡಿಗೆ ಇಲ್ಲದೆ ಬಿಟ್ಟುಕೊಟ್ಟಿದ್ದರು. ಹಾಗಾಗಿ ಧಾರಾವಾಹಿಯ ಆಸ್ಪತ್ರೆಯ ಮಾಲೀಕ ದೇವರಂಥ ಮನುಷ್ಯ.

“ಈ ವಾರ ಪೊಲಿಟಿಕಲ್ ಎಪಿಸೋಡು ಮೇಡಂ,” ಎಂದ ನಿರ್ದೇಶಕ ಹನುಮಂತರಾಜು. ಗುಬ್ಬಿ ಕಡೆಯವನು, ಅವನ ಅಜ್ಜ ನಾಟಕದ ಕಂಪನಿಯೊಂದರಲ್ಲಿ ಪರದೆ ಎಳೆಯುತ್ತಿದ್ದನಂತೆ. “ಚಾನೆಲ್‌ನೋರಿಗೆ ಭಯ. ಪೊಲಿಟಿಕ್ಸ್ ಇರ್ಬೇಕು, ಆದ್ರೆ ಯಾರದ್ದೂ ಆಗಿರ್ಬಾರ್ದು ಅಂತಾರೆ.”

ಹಸಿರು ಬೇಡ, ಕೇಸರಿ ಬೇಡ, ಮೂರು ಬಣ್ಣವಂತೂ ಬೇಡವೇ ಬೇಡ ಎಂದಿದ್ದರಿಂದ ಮಂತ್ರಿಯ ಪಾತ್ರದವನಿಗೆ ಕಾಫಿಪುಡಿ ಬಣ್ಣದ ಶಾಲು ಹೊದಿಸಿದ್ದರು. ಅಂಥ ಪಕ್ಷ ಭೂಮಿಯ ಮೇಲಿರಲಿಲ್ಲ.

ಬೆಳಿಗ್ಗೆಯೇ ಮುಷ್ಕರದ ದೃಶ್ಯ ಮುಗಿದಿತ್ತು. ಕೆಳಗಿನ ವಾರ್ಡಿನ ನಿಜವಾದ ನರ್ಸುಗಳೇ ಬೋರ್ಡು ಹಿಡಿದು ನಿಂತಿದ್ದರು. ‘ನ್ಯಾಯ ಬೇಕು’ ಎಂದು ಬರೆದಿತ್ತು. ಯಾವುದಕ್ಕೆ ಎಂದು ಬರೆದಿರಲಿಲ್ಲ. ನಾಯಕಿಯಾದ ಡಾಕ್ಟರ ಪಾತ್ರದ ತನುಶ್ರೀ ಎರಡು ನಿಮಿಷ ಮಾತಾಡಿದಳು. ಎಲ್ಲರೂ ಕಣ್ಣೊರೆಸಿಕೊಂಡು ಬೋರ್ಡು ಇಳಿಸಿದರು.

“ಹೋದ್ವಾರ ಕನಕರಾಜುಗೋಸ್ಕರ ನಾವು ನಿಜ್ವಾಗ್ಲೂ ನಿಂತಾಗ ಒಂದ್ ನಾಯೀನೂ ತಿರುಗಿ ನೋಡ್ಲಿಲ್ಲ,” ಎಂದಳು ಹಿರಿಯ ನರ್ಸ್ ಮಹಾಲಕ್ಷ್ಮಮ್ಮ, ಸೆರಗಿನಿಂದ ಗ್ಲಿಸರಿನ್ ಒರೆಸಿಕೊಳ್ಳುತ್ತಾ. ಆಮೇಲೆ ದನಿ ತಗ್ಗಿಸಿದಳು. “ನಾಲ್ಕು ಗಂಟೆಗೆ ಸಾಹೇಬ್ರು ವಿಚಾರಣೆಗೆ ಕರ್ದವ್ರೆ. ಬರ್ತೀರ ತಾನೆ ಮೇಡಂ?”

“ನೋಡ್ತೀನಿ.”

“ನೋಡೋದೇನ್ ಬಂತು? ಅವತ್ತು ಅಲ್ಲಿದ್ದಿದ್ದು ಕನಕರಾಜು, ನೀವು, ಇಬ್ರೇ. ನೀವ್ ಒಂದ್ ಮಾತು ಹೇಳಿದ್ರೆ ಅವನ ಕೆಲ್ಸ ಉಳೀತದೆ.”

ನನ್ನದು ಹೋಗುತ್ತದೆ ಎಂದುಕೊಂಡಳು ಶಾಂತಲಾ.

ಅವತ್ತು ಎಂದರೆ ಕಳೆದ ತಿಂಗಳು. ದೇವರಾಯನದುರ್ಗದಲ್ಲಿ ಮೆಟ್ಟಿಲು ಹತ್ತಿ ಎದೆ ಹಿಡಿದುಕೊಂಡ ಮುಖಂಡನೊಬ್ಬನನ್ನು ಕರೆತಂದಿದ್ದರು. ಎರಡು ತೇಗು ಬಂದು ಅವನು ಸರಿಹೋಗಿದ್ದ. ಆದರೂ ಗುರುಸಿದ್ದಯ್ಯ ವಾರ್ಡಿಗೆ ಫೋನು ಮಾಡಿ, ಸ್ಪೆಷಲ್ ರೂಮಿಗೆ ಒಂದು ಆಕ್ಸಿಜನ್ ಸಿಲಿಂಡರ್ ಬರಲಿ, ಹಾಕದಿದ್ದರೂ ಚಿಂತೆಯಿಲ್ಲ, ಜೊತೆಯವರ ಕಣ್ಣಿಗೆ ಬೀಳಬೇಕು ಎಂದರು. ಖಾಲಿಯವೆಲ್ಲ ತುಂಬಿಸಲು ಹೋಗಿದ್ದವು, ಉಳಿದಿದ್ದುದು ಒಂದೇ. ಅದು ಹುಲಿಯೂರುದುರ್ಗದ ಪುಟ್ಟರಂಗಯ್ಯ ಎಂಬ ಮುದುಕನ ಉಸಿರಿಗೆ ಹೋಗುತ್ತಿತ್ತು.

ಗುರುಸಿದ್ದಯ್ಯ ಫೋನಿನಲ್ಲಿ ಯಾವತ್ತೂ ಕೂಗಿಯೇ ಮಾತಾಡುವವರು. ಪಕ್ಕದಲ್ಲಿದ್ದ ವಾರ್ಡ್ ಬಾಯ್ ಕನಕರಾಜುವಿಗೂ ಕೇಳಿಸಿತು. ಕೊಳವೆ ಬಿಚ್ಚುವ ಮೊದಲು ಅವನು ಶಾಂತಲಾಳ ಮುಖ ನೋಡಿದ. ಅವಳು ಏನೂ ಹೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದವಳು ಸ್ವಲ್ಪ ಪಕ್ಕಕ್ಕೆ ಸರಿದಳು. ಸಿಲಿಂಡರ್ ಹೋಗುವುದಕ್ಕೆ ಜಾಗ ಬೇಕಿತ್ತು.

ಸಂಜೆಯೊಳಗೆ ಮುದುಕ ಸತ್ತ. ಮುಖಂಡನ ಎದುರು ಪಕ್ಷದವರು ಗೇಟಿನ ಮುಂದೆ ಧರಣಿ ಕೂತರು. ಯಾರನ್ನೂ ಕೇಳದೆ ಸಿಲಿಂಡರ್ ತೆಗೆದ ಎಂದು ಕನಕರಾಜುವನ್ನು ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ನಿಲ್ಲಿಸಿದರು. ಧರಣಿ ಎದ್ದಿತು.

ಇದಾದ ಮೇಲೆ ಒಂದು ದಿನ ಟೀ ಕುಡಿಯುವಾಗ ಹನುಮಂತರಾಜು, ಏನಾದರೂ ಸತ್ಯ ಘಟನೆ ಇದ್ದರೆ ಕೊಡಿ ಮೇಡಂ ಎಂದಿದ್ದ. ಬೇರೆ ಊರಿನ ಕಥೆ ಎಂದು ಅವಳು ಇದನ್ನೇ ಹೇಳಿದಳು. ಹೇಳುತ್ತಾ ಹೇಳುತ್ತಾ ಕೊನೆಯಲ್ಲಿ, ಆ ಡಾಕ್ಟರಮ್ಮ ಅಡ್ಡ ನಿಂತು ತಡೆದಳು, ಮುದುಕ ಉಳಿದುಕೊಂಡ ಎಂದುಬಿಟ್ಟಳು. ಹಾಗೆ ಯಾಕೆ ಹೇಳಿದಳೋ ಅವಳಿಗೇ ತಿಳಿಯದು. ಅವತ್ತು ಮಾತ್ರ ಒಳ್ಳೆಯ ನಿದ್ದೆ ಬಂದಿತ್ತು.

ಮಧ್ಯಾಹ್ನ ಅವಳು ಹೇಳಿದ್ದ ಆ ದೃಶ್ಯವನ್ನೇ ತೆಗೆಯುವಾಗ, ಸಿಲಿಂಡರ್ ಉರುಳಿಸಬೇಕಾದ ನಟ ಅದನ್ನು ಕಾಲ ಮೇಲೆ ಕೆಡವಿಕೊಂಡು ಕುಂಟುತ್ತಾ ಹೋದ.

“ಉರುಳ್ಸೋಕೆ ಬರೋರು ಯಾರೂ ಇಲ್ವಾ?” ಎಂದು ಹನುಮಂತರಾಜು ಕೂಗಿದ.

ಮಹಾಲಕ್ಷ್ಮಮ್ಮ ಕೆಳಗೆ ಹೋಗಿ ಕನಕರಾಜುವನ್ನು ಕರೆತಂದಳು. ನಾಲ್ಕು ಗಂಟೆಯ ವಿಚಾರಣೆಗೆಂದು ಅವನು ಅಮೃತೂರಿನಿಂದ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದು ಕಾಯುತ್ತಿದ್ದ. ಅವನಿಗೆ ಹೊಸ ಯೂನಿಫಾರ್ಮ್ ಕೊಟ್ಟರು. ಇಲ್ಲಿ ಕೆಲಸ ಮಾಡಿದಷ್ಟು ವರ್ಷವೂ ಅಂಥ ಇಸ್ತ್ರಿಯ ಬಟ್ಟೆ ಅವನ ಮೈ ಮೇಲೆ ಇರಲಿಲ್ಲ. ಒಂದು ಕೈಯಲ್ಲಿ ಸಿಲಿಂಡರಿನ ಕತ್ತು ಹಿಡಿದು ಓರೆ ಮಾಡಿ, ಇನ್ನೊಂದರಲ್ಲಿ ತಿರುಗಿಸುತ್ತಾ, ತಳದ ಅಂಚಿನ ಮೇಲೆ ಗರಗರ ನಡೆಸಿಕೊಂಡು ಬಂದ. ಹನುಮಂತರಾಜು ಚಪ್ಪಾಳೆ ತಟ್ಟಿದ. ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಸಿದ.

“ಡಾಕ್ಟರಮ್ಮ ನಿಲ್ಲು ಅಂದ ತಕ್ಷಣ ಇಲ್ಲಿ ನಿಲ್ಬೇಕು, ತಿಳೀತಾ? ಶಾಂತಲಾ ಮೇಡಂ, ತನುಶ್ರೀದು ಮೇಕಪ್ ಆಗ್ತಿದೆ. ಲೈಟಿಂಗಿಗೆ ನೀವು ಸ್ವಲ್ಪ ಬಾಗಿಲಲ್ಲಿ ನಿಂತ್ಕೊಳ್ಳಿ. ಡೈಲಾಗ್ ಹೇಳಿದ್ರೆ ಸಾಕು, ಆಕ್ಟಿಂಗ್ ಬೇಡ.”

ಅವಳು ನಿಂತಳು. ಕನಕರಾಜು ಉರುಳಿಸಿಕೊಂಡು ಬಂದ.

“ನಿಲ್ಲು. ಈ ಸಿಲಿಂಡರ್ ಈ ರೋಗಿಯದು. ಇಲ್ಲಿಂದ ಕದಲಬಾರದು.”

ದನಿ ಸರಾಗವಾಗಿ ಬಂತು. ಇಷ್ಟು ಸುಲಭವೆ ಎಂದು ಅವಳಿಗೇ ಆಶ್ಚರ್ಯವಾಯಿತು. ಕನಕರಾಜು ಸರಿಯಾಗಿ ಗೆರೆಯ ಮೇಲೆ ನಿಂತು, ಅವಳನ್ನು ನೋಡಿದ.

“ಇಷ್ಟೇಯ ಮೇಡಂ,” ಎಂದ ಮೆಲ್ಲಗೆ.

“ಏನು?”

“ಏನಿಲ್ಲ ಬುಡಿ. ನಾಲ್ಕ್ ಗಂಟೆಗೆ ಅಂದವ್ರೆ.”

ಅವಳಿಗೆ ನಾಚಿಕೆಯಾಯಿತು. ಬಂದಷ್ಟೇ ಬೇಗ ಅದು ಹೋಯಿತು.

ನಾಲ್ಕಕ್ಕೆ ಗುರುಸಿದ್ದಯ್ಯನವರ ಕೋಣೆಯಲ್ಲಿ ಮೂವರೇ ಇದ್ದರು. ತಲೆಯ ಮೇಲೆ, ಚಾವಣಿಯಾಚೆ, ಸಿಲಿಂಡರ್ ಉರುಳುವುದು ಕೇಳುತ್ತಿತ್ತು. ಸ್ವಲ್ಪ ದೂರ ಹೋಗಿ ನಿಲ್ಲುತ್ತಿತ್ತು. ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

“ಅವನೆಲ್ಲಿ?” ಎಂದರು ಗುರುಸಿದ್ದಯ್ಯ.

“ಮೇಲೆ ಶೂಟಿಂಗಲ್ಲವ್ನೆ ಸಾರ್. ಬುಡ್ತಿಲ್ಲ,” ಎಂದಳು ಮಹಾಲಕ್ಷ್ಮಮ್ಮ.

“ಸರಿ ಹೋಯ್ತಲ್ಲ, ಕೆಲ್ಸ ಸಿಕ್ತು ಅನ್ನು.” ನಕ್ಕರು. “ನೋಡಮ್ಮ ಶಾಂತಲಾ, ಒಂದೇ ಪ್ರಶ್ನೆ. ಸಿಲಿಂಡರ್ ತಗೊಂಡು ಹೋಗು ಅಂತ ನೀನು ಅವನಿಗೆ ಹೇಳಿದ್ಯಾ?”

ಮೇಲೆ ಉರುಳುತ್ತಿತ್ತು.

“ಹೇಳ್ಲಿಲ್ಲ ಸಾರ್.”

ನಿಜವನ್ನೇ ಹೇಳಿದ್ದಳು. ಅವಳು ಏನೂ ಹೇಳಿರಲಿಲ್ಲ.

“ಬೇಡ ಅಂದ್ರಾ? ಅದನ್ನ ಹೇಳಿ ಮೇಡಂ,” ಎಂದಳು ಮಹಾಲಕ್ಷ್ಮಮ್ಮ. “ಫೋನು ಯಾರ್ದು ಬಂತು, ಅದನ್ನಾದ್ರೂ ಹೇಳಿ.”

ಶಾಂತಲಾ ಮೇಜಿನ ಗಾಜಿನ ಕೆಳಗಿದ್ದ ಔಷಧಿ ಕಂಪನಿಯ ಕ್ಯಾಲೆಂಡರ್ ನೋಡಿದಳು. ಮೇಲಿನ ಸದ್ದು ನಿಂತಿತು. ಈಗ ಹೇಳುತ್ತೇನೆ ಎಂದುಕೊಂಡಳು. ಮತ್ತೆ ಶುರುವಾದ ಮೇಲೆ ಹೇಳುತ್ತೇನೆ ಎಂದುಕೊಂಡಳು.

“ನಾನು ಬಾಗಿಲಲ್ಲಿದ್ದೆ,” ಎಂದಳು.

“ಸಾಕು ಬಿಡಮ್ಮ,” ಎಂದು ಗುರುಸಿದ್ದಯ್ಯ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. “ಅವನಿಗೆ ನಾಳೆಯಿಂದ ಬರೋದು ಬೇಡ ಅನ್ನಿ. ಶೂಟಿಂಗ್ ಮುಗೀಲಿ, ಪಾಪ.”

ಮಹಾಲಕ್ಷ್ಮಮ್ಮ ಮೆಟ್ಟಿಲ ಮೇಲೆ ಅವಳಿಗಿಂತ ಮುಂದೆ ಹೋದಳು, ತಿರುಗಿ ನೋಡಲಿಲ್ಲ. ಶಾಂತಲಾ ಮೇಲೆ ಮುಟ್ಟುವ ಹೊತ್ತಿಗೆ ವಿಷಯ ಕನಕರಾಜುವಿನ ಕಿವಿಗೆ ಬಿದ್ದಾಗಿತ್ತು. ಅವನು ಸಿಲಿಂಡರಿನ ಕತ್ತು ಹಿಡಿದು, ಅವತ್ತು ಕೊಳವೆ ಬಿಚ್ಚುವ ಮೊದಲು ನೋಡಿದ್ದ ಹಾಗೆಯೇ ಅವಳ ಮುಖ ನೋಡಿದ.

“ಟೇಕ್.”

ತನುಶ್ರೀ ಬಾಗಿಲಲ್ಲಿ ನಿಂತು, ಕಣ್ಣರಳಿಸಿ, ನಿಲ್ಲು ಎಂದಳು. ಕನಕರಾಜು ನಿಲ್ಲಲಿಲ್ಲ. ಅವಳ ಸೀರೆಯನ್ನು ಸವರಿಕೊಂಡು ಸಿಲಿಂಡರ್ ಗೆರೆ ದಾಟಿತು.

“ಕಟ್! ಏನ್ಲಾ, ಗೆರೆ ಕಾಣ್ಸಲ್ವೇನ್ಲಾ?”

ಮತ್ತೆ ಗೆರೆ ಎಳೆದರು. ಮತ್ತೆ ತನುಶ್ರೀ ಹೇಳಿದಳು. ಮತ್ತೆ ಅವನು ದಾಟಿಕೊಂಡು ಹೋದ. ಸಿಟ್ಟಿನಿಂದಲ್ಲ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಕೆಲಸ ಮಾಡುವವನ ಮುಖ ಅದು.

“ಅಯ್ಯೋ ಮಾರಾಯ!” ತನುಶ್ರೀ ತಂಪು ಕನ್ನಡಕ ಹಾಕಿಕೊಂಡು ಕುರ್ಚಿಗೆ ಹೋಗಿ ಕೂತಳು.

“ಮಧ್ಯಾಹ್ನ ನಿಮ್ಮ ಮಾತಿಗೆ ಕರೆಕ್ಟಾಗಿ ನಿಂತಿದ್ದ,” ಎಂದ ಹನುಮಂತರಾಜು ಶಾಂತಲಾಳಿಗೆ. “ನೀವೇ ಒಂದ್ಸಲ ಹೇಳಿ ಮೇಡಂ. ಬರೀ ಸಿಲಿಂಡರ್, ಅವನ ಕೈ, ಅಷ್ಟೇ ಹಿಡೀತೀನಿ. ವಾಯ್ಸ್ ಆಮೇಲೆ ಹಾಕ್ಕೊಳ್ತೀವಿ.”

ಅವಳನ್ನು ಬಾಗಿಲಲ್ಲಿ ನಿಲ್ಲಿಸಿದರು. ದೀಪ ಕಣ್ಣಿಗೆ ಹೊಡೆಯುತ್ತಿತ್ತು. ಆಚೆಯಿಂದ ಗರಗರ ಬಂತು, ಹತ್ತಿರವಾಯಿತು. ಖಾಲಿ ಸಿಲಿಂಡರ್ ಅದು, ಗೊತ್ತಿತ್ತು ಅವಳಿಗೆ. ಮಾತೂ ಗೊತ್ತಿತ್ತು. ಬಾಯಿ ತೆರೆದಳು. ಕನಕರಾಜು ತಲೆ ಎತ್ತಲಿಲ್ಲ, ಈ ಸಲ ಅವಳ ಮುಖ ನೋಡಲಿಲ್ಲ.

ಅವಳು ಸ್ವಲ್ಪ ಪಕ್ಕಕ್ಕೆ ಸರಿದಳು.

ಸಿಲಿಂಡರ್ ಗೆರೆಯನ್ನು ಅಳಿಸಿಕೊಂಡು ಹೋಯಿತು, ಬಾಗಿಲು ದಾಟಿ, ದೀಪ ದಾಟಿ, ಗಾರೆಯಿಲ್ಲದ ಕಾರಿಡಾರಿನೊಳಕ್ಕೆ. ಸದ್ದು ಕೇಳುತ್ತಲೇ ಇತ್ತು. ಯಾರೂ ಕಟ್ ಎನ್ನಲಿಲ್ಲ. ಹಾಸಿಗೆಯ ಮೇಲಿನವನು ತಲೆಕೆಳಗಾದ ಮಾಸ್ಕಿನೊಳಗೆ ಏದುಸಿರು ಬಿಡುತ್ತಲೇ ಇದ್ದ.