ತಿಪ್ಪಮ್ಮನ ಹೆಸರಿನ ಕಣಜ

ಪುಟ್ಟರಂಗಯ್ಯ ಮೇಷ್ಟ್ರು ಜೀವಮಾನದಲ್ಲಿ ಕಂಡುಹಿಡಿದದ್ದು ಒಂದೇ ಒಂದು ಹುಳ, ಅದೂ ರಾಗಿಕಾಳಿನಷ್ಟೂ ಇಲ್ಲದ ಕಣಜ. ಅವರೆಬಳ್ಳಿಯ ತಿಗಣೆಯ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಟ್ಟು, ಮರಿಯನ್ನು ಪರರ ಖರ್ಚಿನಲ್ಲಿ ಬೆಳೆಸುವ ಜಾತಿ. ರೆಕ್ಕೆಯ ಮೇಲಿನ ಹೊಗೆಬಣ್ಣದ ಪಟ್ಟೆ ನೋಡಿ, ಇದು ಯಾರೂ ಹೆಸರಿಡದ ಹೊಸ ಪ್ರಭೇದವೆಂದು ೧೯೯೭ರಲ್ಲಿ ಬರೆದು, ಹೆಂಡತಿಯ ಹೆಸರಿಟ್ಟರು.

"ಹೋಗಿ ಹೋಗಿ ನನ್ ಹೆಸ್ರು ಹುಳಕ್ಕಿಟ್ರಾ?" ಎಂದು ತಿಪ್ಪಮ್ಮ ಉಪ್ಪಾರಹಳ್ಳಿಯ ಬೀದಿಗೆಲ್ಲ ಹೇಳಿಕೊಂಡು ನಕ್ಕಿದ್ದರು. ದೂರಲ್ಲ, ಜಂಬ. ಮರುವರ್ಷವೇ ತೀರಿಕೊಂಡರು. ಮಕ್ಕಳಿರಲಿಲ್ಲ. ಆಮೇಲೆ ಆ ಮನೆಯಲ್ಲಿ ಅವರ ಹೆಸರು ಉಳಿದದ್ದು ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ, ಕಣಜದ ಸೂಜಿಗೆ ಚುಚ್ಚಿದ ಚೀಟಿಯ ಮೇಲೆ. ದೇವರಿಗೆ ದೀಪ ಹಚ್ಚುವುದನ್ನು ಮರೆತರೂ ಮೇಷ್ಟ್ರು ಬೆಳಿಗ್ಗೆ ಆ ಪೆಟ್ಟಿಗೆ ತೆರೆದು ನೋಡುವುದನ್ನು ಮರೆಯುತ್ತಿರಲಿಲ್ಲ.

ಇದ್ದೊಬ್ಬ ಗೆಳೆಯನನ್ನೂ ಅದೇ ಹುಳದ ದೆಸೆಯಿಂದ ಕಳೆದುಕೊಂಡಿದ್ದರು. ಗುಬ್ಬಿಯ ಕಾಲೇಜೊಂದರಲ್ಲಿ ಪಾಠ ಮಾಡುವ ಸಯೀದ್ ಒಂದು ವರ್ಷ ಮುಂಚೆಯೇ ಬೇರೊಂದು ಕಣಜಕ್ಕೆ ತನ್ನೂರಿನ ಹೆಸರಿಟ್ಟಿದ್ದ. ಅದಕ್ಕೆ ಪಟ್ಟೆಯಿಲ್ಲ, ತಲೆಯ ಮೇಲಿನ ಕುಡಿಮೀಸೆ ಉದ್ದ.

"ಸಾರ್, ನಿಮಗೆ ಸಿಕ್ಕಿರೋದೆಲ್ಲ ಹೆಣ್ಣು, ನನಗೆ ಸಿಕ್ಕಿರೋದೆಲ್ಲ ಗಂಡು. ಎರಡೂ ಒಂದೇ ಇರ್ಬೋದಾ?" ಎಂದು ಒಮ್ಮೆ ಕೇಳಿದ. ತಿಪ್ಪಮ್ಮ ಹೋಗಿ ತಿಂಗಳೂ ಆಗಿರಲಿಲ್ಲ. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಅವತ್ತಿನಿಂದ ಮಾತು ಬಿಟ್ಟರು.

೨೦೦೪ರ ಅವರೆ ಕಾಲದಲ್ಲಿ ಕುಣಿಗಲ್ ದಾಟಿ ಹುಲಿಯೂರುದುರ್ಗದ ಹೊಲವೊಂದರಿಂದ ತಿಗಣೆಮೊಟ್ಟೆಯ ಗೊಂಚಲು ತಂದು, ಗಾಜಿನ ನಳಿಕೆಗೆ ಹಾಕಿ ಹತ್ತಿ ಮುಚ್ಚಿಟ್ಟರು. ಒಂದು ಬೆಳಿಗ್ಗೆ ಗಂಡು ಕಣಜ ಹೊರಬಂದಿತ್ತು. ಪಟ್ಟೆಯಿಲ್ಲ, ಉದ್ದನೆ ಕುಡಿಮೀಸೆ, ಸಯೀದನದೇ. ಅದು ಎಲ್ಲಿಗೂ ಹೋಗದೆ ಉಳಿದ ಮೊಟ್ಟೆಗಳ ಮೇಲೆ ಅಡ್ಡಾಡುತ್ತ ಕಾಯುತ್ತಿತ್ತು. ಮಾರನೆಯ ದಿನ ಪಕ್ಕದ ಮೊಟ್ಟೆ ಕೊರೆದುಕೊಂಡು ಹೊಗೆಪಟ್ಟೆಯ ಹೆಣ್ಣು ಬಂತು. ಗಂಡು ಓಡಿಹೋಗಿ ಅದನ್ನು ಕೂಡಿತು.

ಮೇಷ್ಟ್ರು ಮಸೂರ ಕೆಳಗಿಟ್ಟರು. ಎರಡೂ ಒಂದೇ. ಒಂದೇ ಜೀವಿಗೆ ಎರಡು ಹೆಸರಿದ್ದರೆ ಮೊದಲು ಅಚ್ಚಾದದ್ದು ನಿಲ್ಲಬೇಕು, ಎರಡನೆಯದು ಹೋಗಬೇಕು; ಅದರಲ್ಲಿ ಯಾರ ಮುಲಾಜೂ ಇಲ್ಲ. ನಳಿಕೆಯನ್ನು ಬಚ್ಚಲಲ್ಲಿ ತೊಳೆದುಬಿಟ್ಟರೆ ಕೇಳುವವರಿರಲಿಲ್ಲ. ಬಚ್ಚಲ ತನಕ ಹೋದರು ಕೂಡ. ಆಮೇಲೆ ನಳಿಕೆಯನ್ನು ಜೇಬಿಗೆ ಹಾಕಿಕೊಂಡು ಗುಬ್ಬಿಯ ಬಸ್ಸು ಹತ್ತಿದರು.

ಸಯೀದ್ ನಳಿಕೆಯನ್ನು ಮಸೂರದಡಿ ಹಿಡಿದು ನೋಡಿದ. "ಬರೀಬೇಡಿ ಸಾರ್. ನಾನೂ ಬಾಯಿಬಿಡಲ್ಲ. ಅಮ್ಮಾವ್ರ ಹೆಸ್ರು ಇದ್ಕೊಳ್ಲಿ ಬುಡಿ."

"ನೀನು ಅವತ್ತು ಕೇಳ್ದಾಗ್ಲೇ ನನಗೂ ಅನುಮಾನ ಇತ್ತು ಕಣಪ್ಪ," ಎಂದರು ಮೇಷ್ಟ್ರು. "ಅದಕ್ಕೇ ಅಷ್ಟು ಸಿಟ್ಟು ಬಂದಿದ್ದು."

ಸಯೀದ್ ಟೀ ತರಿಸಿದ. ಆರು ವರ್ಷದ ಮೌನ ಒಂದು ಟೀಗೆ ಕರಗುವಂಥದ್ದಲ್ಲ. ಇಬ್ಬರೂ ಲೋಟ ನೋಡುತ್ತ ಕುಡಿದರು.

ಮರುದಿನ ಬೆಳಿಗ್ಗೆ ಮೇಷ್ಟ್ರು ಬರೆಯಲು ಕೂತರು. ಅಳತೆ, ಬಣ್ಣ, ಊರು ಎಲ್ಲ ಸರಾಗವಾಗಿ ಬಂತು. ಕೊನೆಯ ಸಾಲಿನಲ್ಲಿ ಕೈ ನಿಂತಿತು. ತಿಪ್ಪಮ್ಮನ ಹೆಸರಿನ ಪ್ರಭೇದವೆಂಬುದು ಬೇರೆ ಇಲ್ಲ ಎಂದು ಬರೆಯಬೇಕಿತ್ತು. ಎದ್ದುಹೋಗಿ ಪೆಟ್ಟಿಗೆ ತೆರೆದು ಚೀಟಿ ನೋಡಿ ಬಂದರು. ಆದರೂ ಬರೆದರು.

"ಹೋಗ್ಲಿ ಬಿಡು ಕಣೇ, ಹುಳಕ್ಕಿಟ್ಟ ಹೆಸ್ರು ತಾನೆ," ಎಂದು ಅಡುಗೆಮನೆಯ ಕಡೆ ತಿರುಗಿ ಹೇಳಿದರು.

ಅಲ್ಲಿಂದ ಯಾರೂ ನಗಲಿಲ್ಲ.